ವೇಲ್ಸಿನಲ್ಲಿ ಒಂದೇ ದಿನದ ಸವಾರ

ದೇವನಹಳ್ಳಿ

ಏರ್‌ಪೋರ್ಟಿನಲ್ಲಿ ಮೊದಲು ಕೈಬಿಟ್ಟದ್ದು ನನ್ನ ಹತ್ತು-ಹನ್ನೊಂದರ ಸ್ಪ್ಯಾನರು. ಅದರ ಹಿಂದೆ ಎರಡು ಸ್ಕ್ರೂಡ್ರೈವರು, ಒಂದು ಕಟಿಂಗ್ ಪ್ಲೇಯರು. ಹತ್ಯಾರಗಳನ್ನು ಸೂಟ್‌ಕೇಸಿಗೆ ತುಂಬಿ, ಕಣ್ಣಿಗೆ ಕಾಣದ ಕಡೆ ಬೆಲ್ಟಿನ ಮೇಲೆ ಕಳಿಸಲು ನನಗೆ ಮನಸ್ಸು ಬಂದಿರಲಿಲ್ಲ. ಹೆಗಲ ಚೀಲದಲ್ಲೇ ಇಟ್ಟುಕೊಂಡಿದ್ದೆ. ಯೂನಿಫಾರ್ಮಿನವನು ಒಂದೊಂದಾಗಿ ಎತ್ತಿ ನೋಡಿ ಪ್ಲಾಸ್ಟಿಕ್ ಡಬ್ಬಕ್ಕೆ ಹಾಕಿದ. ಮೂವತ್ತೆಂಟು ವರ್ಷ ದುಡಿದ ಸ್ಪ್ಯಾನರು ಯಾರದೋ ಶೇವಿಂಗ್ ಕ್ರೀಮಿನ ಪಕ್ಕದಲ್ಲಿ ಬಿತ್ತು.

"ಅಷ್ಟೂ ಗೊತ್ತಾಗಲ್ವೇನಯ್ಯಾ ರುದ್ರಪ್ಪ? ಟೂಲ್ಸ್ ಎಲ್ಲಾ ಚೆಕ್-ಇನ್‌ಗೆ ಹಾಕ್ಬೇಕು ಅಂತ ಗ್ರೂಪಲ್ಲಿ ಮೆಸೇಜ್ ಹಾಕಿದ್ನಲ್ಲ" ಎಂದರು ಶ್ರೀಧರ್ ಸಾರ್.

"ಇಂಗ್ಲಿಷಲ್ಲಿ ಹಾಕಿದ್ರಿ ಸಾರ್."

"ಓದಿಸ್ಕೋಬೇಕಪ್ಪಾ."

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಅದನ್ನು ಮುಚ್ಚಿಡುವುದೂ ಇಲ್ಲ, ಅದಕ್ಕಾಗಿ ತಲೆ ತಗ್ಗಿಸುವುದೂ ಇಲ್ಲ. ಶಂಕರಪುರಂನಲ್ಲಿ ನನ್ನ ಸೈಕಲ್ ರಿಪೇರಿ ಅಂಗಡಿ ಇದೆ. ಚಾಮರಾಜಪೇಟೆಯಿಂದ ಬಸವನಗುಡಿಯವರೆಗೆ ಒಳ್ಳೆಯ ಸೈಕಲ್ ಇಟ್ಟುಕೊಂಡವರು ಯಾರಾದರೂ ಇದ್ದರೆ, ಅವರ ಸೈಕಲ್ಲಿಗೆ ಒಂದು ಸಲವಾದರೂ ನನ್ನ ಕೈ ತಾಗಿರುತ್ತದೆ. ಬ್ರೇಕ್ ನೋಡದೆ ಒಂದು ಗಾಡಿಯನ್ನೂ ಅಂಗಡಿಯ ಮೆಟ್ಟಿಲು ಇಳಿಸಿದವನಲ್ಲ. ಇದನ್ನು ಈಗಲೇ ಬರೆದಿಡುತ್ತೇನೆ. ಯಾಕೆಂದರೆ ಮುಂದೆ ಬರೆಯಬೇಕಾದದ್ದು ಇದಕ್ಕೆ ತದ್ವಿರುದ್ಧ.

ಶ್ರೀಧರ್ ಸಾರ್ ಬಸವನಗುಡಿಯವರು, ರಿಟೈರ್ಡ್ ಇಂಜಿನಿಯರು. ಅವರದೊಂದು ಸೈಕಲ್ ಗುಂಪು. ಭಾನುವಾರ ಬೆಳಿಗ್ಗೆ ತುರಹಳ್ಳಿ ಕಾಡಿನ ಕಡೆ ಹೋಗಿ, ಬರುವಾಗ ಇಡ್ಲಿ ತಿಂದುಕೊಂಡು ಬರುವವರು. ಒಂದು ದಿನ ಅಂಗಡಿಗೆ ಬಂದು, "ಏನಯ್ಯಾ, ಈ ದಸರಾಗೆ ವೇಲ್ಸ್‌ಗೆ ಹೋಗ್ತಿದೀವಿ. ಮೌಂಟನ್ ಬೈಕಿಂಗು. ಸಮುದ್ರದ ಪಕ್ಕ, ನದಿ ಬಂದು ಸೇರೋ ಜಾಗ. ಬರ್ತೀಯಾ? ಟಿಕೆಟ್ ನಮ್ಮದು" ಎಂದರು.

"ನಾನಾ ಸಾರ್?"

"ಯಾಕೆ, ನೀನೂ ಸೈಕಲ್ ತುಳಿಯೋನೇ ತಾನೆ?"

ನಾನು ಹಿಡಿದುಕೊಂಡದ್ದು ಈ ಮಾತನ್ನು. ನಾಲ್ಕು ತಿಂಗಳು ಬೆಳಿಗ್ಗೆ ಐದಕ್ಕೆ ಎದ್ದು ತುರಹಳ್ಳಿಯ ಕಲ್ಲುದಾರಿಯಲ್ಲಿ ತುಳಿದೆ. ಐವತ್ತಾರನೆಯ ವಯಸ್ಸಿನಲ್ಲಿ ಮೈಗಂಟುವ ಹಳದಿ ಜೆರ್ಸಿ ಕೊಂಡೆ. ನನ್ನ ಹೆಂಡತಿ ಅದನ್ನು ಎತ್ತಿ ಹಿಡಿದು, "ಇದನ್ನ ಹಾಕ್ಕೊಂಡು ಓಡಾಡ್ತೀರಾ? ಅಲ್ಲೇ ಹಾಕ್ಕೊಳಿ, ಇಲ್ಲಿ ಬೇಡ" ಎಂದಳು. ಬೀದಿಗೆಲ್ಲ ಹೇಳಿಕೊಂಡಿದ್ದೆ, ವೇಲ್ಸಿನಲ್ಲಿ ಸೈಕಲ್ ತುಳಿಯಲು ಹೋಗುತ್ತಿದ್ದೇನೆ ಅಂತ.

ಬಾರ್ಮೌತ್

ಅಲ್ಲಿ ಮೌಥಾಕ್ ಎಂಬ ನದಿ ಬೆಟ್ಟಗಳ ನಡುವಿನಿಂದ ಬಂದು, ಕೊನೆಗೆ ಹೊಳೆಯೋ ಸಮುದ್ರವೋ ಗೊತ್ತಾಗದ ಹಾಗೆ ಅಗಲವಾಗಿ ಹರಡಿಕೊಂಡಿದೆ. ಬೆಳಿಗ್ಗೆ ನೋಡಿದರೆ ತುಂಬಿದ ನೀರು. ಮಧ್ಯಾಹ್ನ ನೋಡಿದರೆ ಮರಳು, ಮರಳಿನ ಮೇಲೆ ಮಗ್ಗುಲಾಗಿ ಒರಗಿದ ದೋಣಿಗಳು. ದಿನಕ್ಕೆರಡು ಸಲ ಯಾರೋ ತೊಟ್ಟಿ ತುಂಬಿ ಖಾಲಿ ಮಾಡಿದ ಹಾಗೆ. ಆ ನೀರಿನ ಮೇಲೆ ಮರದ ಕಾಲುಗಳ ಮೇಲೆ ನಿಂತ ಉದ್ದನೆಯ ರೈಲು ಸೇತುವೆ. ರೈಲಿನ ಪಕ್ಕದಲ್ಲೇ ಹಲಗೆ ಹಾಸಿದ ದಾರಿ, ನಡೆಯುವವರಿಗೆ, ಸೈಕಲ್ಲಿನವರಿಗೆ. ಆ ಸೇತುವೆಯನ್ನು ನೋಡಿದ ಕ್ಷಣವೇ ಇದರ ಮೇಲೆ ಒಂದು ಸಲ ಸೈಕಲ್ ಬಿಡಬೇಕು ಅಂದುಕೊಂಡೆ. ಬೇರೆ ಆಸೆ ಇರಲಿಲ್ಲ.

ಸೇತುವೆಯ ಆ ತುದಿಯ ಊರು ಬಾರ್ಮೌತ್. ಅಲ್ಲಿ ಸೈಕಲ್ ಬಾಡಿಗೆಗೆ ಕೊಡುವ ಅಂಗಡಿ. ನಡೆಸುವವಳು ಮೇಗನ್ ಎಂಬ ಹೆಂಗಸು, ಅರವತ್ತರ ಆಸುಪಾಸು, ಗಿಡ್ಡ ಕೂದಲು, ಉಗುರಿನ ಸಂದಿಯಲ್ಲಿ ನನ್ನ ಉಗುರಿನ ಹಾಗೇ ಕಪ್ಪು. ಅವಳು ಪಟ್ಟಿ ನೋಡಿ ಒಬ್ಬೊಬ್ಬರ ಎತ್ತರ ಕೇಳಿ ಸೈಕಲ್ ಕೊಟ್ಟಳು. ಶ್ರೀಧರ್ ಸಾರ್, ವತ್ಸಲಾ ಮೇಡಂ ಅಂದರೆ ಅವರ ಹೆಂಡತಿ, ಹಲ್ಲಿನ ಡಾಕ್ಟರ್ ಅಶ್ವಿನ್, ಬ್ಯಾಂಕಿನ ಗೋಪಿನಾಥ್, ಕಾಲೇಜಿನ ಇಬ್ಬರು ಲೆಕ್ಚರರು. ಆರು ಸೈಕಲ್ ಆಯಿತು. ನಾನು ಮುಂದೆ ಬಂದು ನಿಂತೆ.

ಮೇಗನ್ ಪಟ್ಟಿಯ ಮೇಲೆ ಬೆರಳಿಟ್ಟು ನನಗೆ ತೋರಿಸಿದಳು. ಕೊನೆಯಲ್ಲಿ ನನ್ನ ಹೆಸರು. ಅದರ ಮುಂದೆ 'ಸಪೋರ್ಟ್'. ಅಷ್ಟು ಇಂಗ್ಲಿಷ್ ನನಗೆ ಬರುತ್ತದೆ.

"ಸಾರ್, ನನಗೆ ಗಾಡಿ?"

"ನೀನು ವ್ಯಾನಲ್ಲಿರ್ತೀಯಪ್ಪಾ. ಎಲ್ಲರೂ ತುಳಿಯಕ್ಕೆ ಹೋದ್ರೆ ಪಂಚರ್ ಆದಾಗ ನೋಡೋರ್ಯಾರು? ಅದಕ್ಕೇ ತಾನೆ ಕರ್ಕೊಂಡ್ಬಂದಿರೋದು."

ಅಶ್ವಿನ್ ಡಾಕ್ಟರು ನನ್ನ ಮುಖ ನೋಡಿದರು. ಅವರಿಗೆ ನಲವತ್ತೂ ಆಗಿಲ್ಲ. ಆ ಗುಂಪಿನಲ್ಲಿ ನನಗೆ 'ನೀವು' ಅನ್ನುತ್ತಿದ್ದವರು ಅವರೊಬ್ಬರೇ. "ರುದ್ರಣ್ಣ, ಒಂದಿನ ನನ್ ಸೈಕಲ್ ತಗೊಳ್ಳಿ" ಎಂದರು ಮೆಲ್ಲಗೆ. "ಬೇಡಿ ಡಾಕ್ಟ್ರೇ" ಎಂದೆ. ಬೇರೆಯವರ ತಟ್ಟೆಯಿಂದ ತಿಂದು ನನಗೆ ಅಭ್ಯಾಸವಿಲ್ಲ.

ಇನ್ನೂ ತಮಾಷೆ ಎಂದರೆ, ರಿಪೇರಿಗೂ ನಾನು ಬೇಕಿರಲಿಲ್ಲ. ಬಾಡಿಗೆ ಗಾಡಿಗೆ ಹೊರಗಿನವರು ಸ್ಪ್ಯಾನರು ಹಾಕುವಂತಿಲ್ಲ ಎಂದು ಮೇಗನ್ ಹೇಳಿಬಿಟ್ಟಳು. ಡಾಕ್ಟರ ಸೈಕಲ್ಲಿನ ಹಿಂದಿನ ಚಕ್ರವನ್ನು ಎತ್ತಿ ಒಂದು ಸುತ್ತು ತಿರುಗಿಸಿ, ಬೆರಳಿಟ್ಟು ತೋರಿಸಿದೆ. ಕೂದಲೆಳೆಯಷ್ಟು ಔಟ್ ಇತ್ತು. ಅವಳು ಅದನ್ನು ಸ್ಟ್ಯಾಂಡಿಗೆ ಹಾಕಿ ನೋಡಿದಳು, ಮತ್ತೆ ನೋಡಿದಳು, ಆಮೇಲೆ ತನ್ನ ಸ್ಪೋಕ್ ಕೀಯನ್ನು ನನ್ನ ಕೈಗೆ ಕೊಟ್ಟಳು. ಮೂರು ನಿಮಿಷದಲ್ಲಿ ಸರಿ ಮಾಡಿ ಇಳಿಸಿದೆ. ಹೊರಡುವಾಗ ಅವಳು ಒಂದು ಸಣ್ಣ ಸ್ಪಿರಿಟ್ ಬಾಟಲು, ಒಂದು ಕಟ್ಟು ಬಟ್ಟೆ ಕೊಟ್ಟು, ಚಕ್ರದ ನಡುವೆ ಬ್ರೇಕ್ ಕಚ್ಚಿ ಹಿಡಿಯುವ ಉಕ್ಕಿನ ಬಿಲ್ಲೆ, ಡಿಸ್ಕ್, ತೋರಿಸಿ, "ಈ ಸ್ಪಿರಿಟ್ ಬಿಟ್ಟು ಇದರ ಮೇಲೆ ಬೇರೇನೂ ಬೀಳಬಾರದು" ಎಂದಳು. ಗೊತ್ತು ಎಂದೆ. ಗೊತ್ತಿತ್ತು.

ವ್ಯಾನಿನ ಮುಂದಿನ ಸೀಟು

ನಾಲ್ಕು ದಿನ ನಾನು ವೇಲ್ಸನ್ನು ವ್ಯಾನಿನ ಗಾಜಿನಿಂದ ನೋಡಿದೆ. ವ್ಯಾನು ಓಡಿಸುತ್ತಿದ್ದವನು ಗ್ಯಾರೆತ್, ಆ ಕಡೆಯ ಕುರಿ ಸಾಕುವವರ ಮನೆಯವನು. ನನ್ನದು ಅಂಗಡಿ ಇಂಗ್ಲಿಷು, ಅವನದು ಗುಡ್ಡದ ಇಂಗ್ಲಿಷು. ಎರಡೂ ಸೇರಿ ಹೇಗೋ ಕೆಲಸ ನಡೆಯಿತು.

ರಸ್ತೆಯ ಮೇಲೆಲ್ಲ ದೊಡ್ಡ ಬಿಳಿ ಅಕ್ಷರದಲ್ಲಿ 'ಅರವ್' ಅಂತ ಬರೆದಿರುತ್ತಾರೆ. ಅವರ ಭಾಷೆಯಲ್ಲಿ 'ನಿಧಾನ' ಅಂತ. ಅದರ ಹತ್ತಿರವೇ ಅದನ್ನೇ ಇಂಗ್ಲಿಷಿನಲ್ಲಿ ಬರೆದಿರುತ್ತಾರೆ. ಬೋರ್ಡುಗಳಲ್ಲೂ ಅವರ ಭಾಷೆಯೇ ಮೊದಲು. ಗ್ಯಾರೆತ್ ದಾರಿಯಲ್ಲಿ ಸಿಕ್ಕ ರೈತನ ಜೊತೆ ಅದರಲ್ಲೇ ಮಾತಾಡುತ್ತಿದ್ದ, ಅಂಗಡಿಯಲ್ಲಿ ಅದರಲ್ಲೇ ಚಹಾ ಕೇಳುತ್ತಿದ್ದ. ನಮ್ಮ ಗುಂಪು ಊಟಕ್ಕೆ ಕೂತಾಗ ಒಬ್ಬರಿಗೊಬ್ಬರು "ಪಾಸ್ ದ ಸಾಲ್ಟ್" ಅನ್ನುವುದನ್ನು ಕೇಳಿ, "ಇವರೆಲ್ಲ ನಿಮ್ಮೂರಿನವರೇ ಅಲ್ಲವಾ? ನಿಮ್ಮಲ್ಲಿ ಉಪ್ಪಿಗೆ ಪದ ಇಲ್ಲವಾ?" ಎಂದು ನನ್ನನ್ನು ಕೇಳಿದ. ಇದೆ ಎಂದೆ. ಹೇಳಿಕೊಟ್ಟೆ. 'ಉಪ್ಪು, ಉಪ್ಪು' ಅಂದುಕೊಂಡು ಗಾಡಿ ಓಡಿಸಿದ.

ಅವನು ನನಗೆ ಹೇಳಿಕೊಟ್ಟದ್ದು ಗೇಟಿನ ಪಾಠ. ಅಲ್ಲಿ ಸೈಕಲ್ ದಾರಿಗಳು ಕುರಿ ಮೇಯುವ ಹೊಲಗಳ ನಡುವೆಯೇ ಹಾಯುತ್ತವೆ. ಫರ್ಲಾಂಗಿಗೊಂದು ಗೇಟು. ತೆಗೆದವನು ಹಾಕಬೇಕು. ಹಿಂದೆ ಬರುವವರು ಕಣ್ಣಿಗೆ ಕಂಡರೆ ಮಾತ್ರ ಹಿಡಿದುಕೊಂಡು ನಿಲ್ಲಬಹುದು, ಕಾಣದಿದ್ದರೆ ಹಾಕಿಬಿಡಬೇಕು. "ಗೇಟು ಬಿಟ್ಟು ಹೋದವನನ್ನು ನಮ್ಮಪ್ಪ ಮೂರು ತಲೆಮಾರು ನೆನಪಿಟ್ಟುಕೊಳ್ಳುತ್ತಾನೆ" ಎಂದ. ನನಗೆ ಈ ಪದ್ಧತಿ ಹಿಡಿಸಿತು. ಕೆಲಸ ಅಂದರೆ ಹಾಗಿರಬೇಕು, ನೋಡುವವರು ಇರಲಿ ಬಿಡಲಿ. ನಮ್ಮಲ್ಲಿ ಪಾರ್ಕಿನ ಗೇಟಿಗೆ ಬೀಗ ಹಾಕಿದರೆ ಕಾಂಪೌಂಡ್ ಹಾರುತ್ತಾರೆ.

ಆದರೆ ಹೊಟ್ಟೆ ಉರಿಯುತ್ತಿತ್ತು. ಸುಳ್ಳು ಯಾಕೆ ಹೇಳಲಿ? ಅವರು ಹಳೇ ರೈಲು ದಾರಿಯ ಜಲ್ಲಿಯ ಮೇಲೆ, ನೀರಿನ ಅಂಚಿನಲ್ಲೇ ಮೈಲುಗಟ್ಟಲೆ ತುಳಿದು ಬರುತ್ತಿದ್ದರು. ಸಂಜೆ ಕೆಸರು ಮೆತ್ತಿದ ಮುಖದಲ್ಲಿ ಬಂದು, ಕೊಕ್ಕರೆ ನೋಡಿದೆವು, ಮಳೆಬಿಲ್ಲು ನೋಡಿದೆವು ಎಂದು ಹೇಳುತ್ತ ಸೈಕಲ್ ನನ್ನ ಕಡೆಗೆ ತಳ್ಳುತ್ತಿದ್ದರು, ತೊಳೆಯಲಿಕ್ಕೆ. ನಾನು ತೊಳೆಯುತ್ತಿದ್ದೆ. ಹಳದಿ ಜೆರ್ಸಿ ಕವರಿನಲ್ಲೇ ಇತ್ತು.

"ನೀನು ಯಾಕೆ ತುಳಿಯುವುದಿಲ್ಲ?" ಎಂದು ಗ್ಯಾರೆತ್ ಕೇಳಿದ.

"ಮಂಡಿ ನೋವು" ಎಂದೆ. ಆ ಪ್ರವಾಸದಲ್ಲಿ ನಾನು ಹೇಳಿದ ಸುಳ್ಳು ಅದೊಂದೇ.

ಆಯುಧ ಪೂಜೆ

ಐದನೆಯ ದಿನ ಆಯುಧ ಪೂಜೆ. ಮಳೆ ಹಿಡಿದಿತ್ತು, ಯಾರೂ ಹೊರಗೆ ಹೋಗಲಿಲ್ಲ. ಸೈಕಲ್ಲುಗಳಿಗೆ ಪೂಜೆ ಆಗಲೇಬೇಕು ಎಂದು ಶ್ರೀಧರ್ ಸಾರ್ ಹಠ ಹಿಡಿದರು. ಅದಕ್ಕಾಗಿಯೇ ಊರಿಂದ ಅರಿಶಿನ, ಕುಂಕುಮ, ಕರ್ಪೂರ ತಂದಿದ್ದರು. ಬೂದುಗುಂಬಳ ಎಲ್ಲಿ ಸಿಗಬೇಕು? ಅಲ್ಲಿಯ ಅಂಗಡಿಗಳಲ್ಲಿ ಆ ತಿಂಗಳು ಕಿತ್ತಳೆ ಬಣ್ಣದ ಕುಂಬಳ ರಾಶಿ ಬಿದ್ದಿರುತ್ತದೆ. ಅದರದೇ ಒಂದು ತಂದು, ತೂತು ಕೊರೆದು, ಕುಂಕುಮ ತುಂಬಿ, ನಾವು ಇಳಿದುಕೊಂಡಿದ್ದ ಮನೆಯ ಗೇಟಿನ ಮುಂದೆ ಒಡೆದರು. ಮನೆಯೊಡತಿ ಮುದುಕಿ ಬಾಗಿಲು ತೆಗೆದು, ಕೆಂಪು ಚೆಲ್ಲಿದ್ದನ್ನು ನೋಡಿ, "ಯಾರಿಗೆ ಏಟಾಯಿತು?" ಎಂದು ಹತ್ತಿಯ ಸಮೇತ ಓಡಿ ಬಂದಳು. ವತ್ಸಲಾ ಮೇಡಂ ಅವಳಿಗೆ ವಿವರಿಸಿ ಹೇಳುವ ಹೊತ್ತಿಗೆ ಅವರ ಮುಖವೂ ಅಷ್ಟೇ ಕೆಂಪಾಗಿತ್ತು.

ಇಲ್ಲಿಯವರೆಗೂ ತಮಾಷೆಯೇ.

ಕುಂಕುಮವನ್ನು ನೀರಿನಲ್ಲಿ ಕಲಸಿ ಹಚ್ಚಿದರೆ ಈ ಮಳೆಗೆ ನಿಲ್ಲುವುದಿಲ್ಲ ಎಂದು ಶ್ರೀಧರ್ ಸಾರ್‌ಗೆ ಹೊಳೆಯಿತು. ಮೇಡಂ ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ ಚಳಿಗೆ ಗಟ್ಟಿಯಾಗಿತ್ತು. ಅದನ್ನು ಹೀಟರಿನ ಮೇಲಿಟ್ಟು ಕರಗಿಸಿ, ಅದರಲ್ಲಿ ಕುಂಕುಮ ಕಲಸಿದರು. ಹ್ಯಾಂಡಲಿಗೆ, ಸೀಟಿನ ಕೆಳಗೆ, ಫ್ರೇಮಿಗೆ ಬೊಟ್ಟು ಇಟ್ಟುಕೊಂಡು ಬಂದರು. ಕೊಠಡಿಯಿಂದ ಹೂವು ತರಲು ಹೋಗಿದ್ದ ನಾನು ವಾಪಸು ಬಂದಾಗ, ಅವರು ಬಗ್ಗಿ ಚಕ್ರದ ಹತ್ತಿರ ಕೂತಿದ್ದರು. ಗೋಪಿನಾಥರ ಮತ್ತು ಡಾಕ್ಟರ ಸೈಕಲ್ಲಿನ ಮುಂದಿನ ಡಿಸ್ಕಿಗೆ ದಪ್ಪನಾಗಿ ಬಳಿದು ಮುಗಿಸಿ, ಮೂರನೆಯದಕ್ಕೆ ಬೆರಳು ಚಾಚಿದ್ದರು.

"ಸಾರ್, ಸಾರ್! ಡಿಸ್ಕಿಗೆ ಬೇಡಿ! ಅದು ಬ್ರೇಕು!"

"ಚಕ್ರ ಕಣಯ್ಯಾ ಇದು. ಗುಂಡಗೆ ಎಷ್ಟು ಚೆನ್ನಾಗಿದೆ ನೋಡು."

"ಎಣ್ಣೆ ಸಾರ್ ಅದು, ಬ್ರೇಕ್ ಹಿಡಿಯಲ್ಲ. ಒರೆಸ್ಬಿಡ್ತೀನಿ, ಕೊಡಿ."

"ಪೂಜೆ ಮಾಡಿದ್ದನ್ನ ಅದೇ ದಿನ ಒರೆಸ್ತಾರೇನಯ್ಯಾ? ನಿಮ್ಮಪ್ಪ ನಿಂಗೆ ಇಷ್ಟೇನಾ ಹೇಳ್ಕೊಟ್ಟಿರೋದು? ಇವತ್ತು ಯಾರೂ ಮುಟ್ಟಲ್ಲ ಗಾಡಿನ. ನಾಳೆ ಒರೆಸ್ಕೊ."

ನಮ್ಮಪ್ಪನ ಹೆಸರು ತೆಗೆದದ್ದು ತಾಗಿತು. ಅಂಗಡಿಯಲ್ಲಿ ಆಯುಧ ಪೂಜೆಯ ದಿನ ಹತ್ಯಾರಗಳಿಗೆ ವಿಭೂತಿ ಹಚ್ಚಿ, ಹೂವಿಟ್ಟು, ಮಾರನೆಯ ದಿನದವರೆಗೆ ಒಂದು ಸ್ಕ್ರೂ ಕೂಡ ತಿರುಗಿಸದವರು ನಾವು. ನನ್ನ ಕೈಯೂ ಹಿಂದೆ ಬಂತು. ಸರಿ, ಎರಡೇ ಗಾಡಿ, ಬೆಳಿಗ್ಗೆ ಹೊರಡುವ ಮೊದಲು ಸ್ಪಿರಿಟ್ ಹಾಕಿ ಒರೆಸಿದರಾಯಿತು ಎಂದುಕೊಂಡೆ. ಚಳಿಗೆ ಆ ಕುಂಕುಮ ಆಗಲೇ ಡಿಸ್ಕಿನ ತೂತುಗಳಲ್ಲಿ ಮೇಣದ ಹಾಗೆ ಕೂತಿತ್ತು.

ಇಳಿಜಾರು

ವಿಜಯದಶಮಿಯ ದಿನ ಮಳೆ ನಿಂತಿತ್ತು. ನಮ್ಮ ಕೊನೆಯ ದಿನ. ಬೆಟ್ಟ ಹತ್ತಿ, ಆ ಕಡೆಯಿಂದ ಇಳಿದು, ನದಿಯ ದಡಕ್ಕೆ ಬಂದು, ಸೇತುವೆ ದಾಟಿ, ಸೈಕಲ್‌ಗಳನ್ನು ಮೇಗನ್‌ಗೆ ಒಪ್ಪಿಸುವುದು ಎಂದು ತೀರ್ಮಾನವಾಗಿತ್ತು. ನಾನು ಸ್ಪಿರಿಟ್ ಬಾಟಲು, ಬಟ್ಟೆ ಹಿಡಿದು ಹೊರಗೆ ಬಂದಾಗ ಅಶ್ವಿನ್ ಡಾಕ್ಟರು ಎದುರಿಗೆ ಬಂದರು.

"ರುದ್ರಣ್ಣ, ಗೋಪಿನಾಥ್‌ಗೆ ಜ್ವರ. ವ್ಯಾನಲ್ಲಿ ಬರ್ತಾರಂತೆ. ಅವರ ಗಾಡಿ ನಿಮ್ಮದು ಇವತ್ತು. ಇಲ್ಲ ಅನ್ಬೇಡಿ. ಶ್ರೀಧರ್‌ಗೆ ನಾನು ಹೇಳಾಯ್ತು."

ಇದು ಬೇರೆಯವರ ತಟ್ಟೆಯಾಗಿರಲಿಲ್ಲ. ಖಾಲಿ ಗಾಡಿ. ನಾನು ಇಲ್ಲ ಅನ್ನಲಿಲ್ಲ.

ಆಮೇಲಿನ ಕಾಲು ಗಂಟೆಯನ್ನು ನಾನು ಎಷ್ಟೋ ಸಲ ತಲೆಯಲ್ಲಿ ತಿರುಗಿಸಿ ನೋಡಿದ್ದೇನೆ. ಒಳಗೆ ಹೋಗಿ ಜೆರ್ಸಿ ಹಾಕಿಕೊಂಡೆ. ಡಾಕ್ಟರು ತಮ್ಮ ಎರಡನೇ ಜೊತೆ ಗ್ಲೌಸು ಕೊಟ್ಟರು. ಗೋಪಿನಾಥರ ಸೀಟನ್ನು ಒಂದು ಇಂಚು ಇಳಿಸಿದೆ. ಹ್ಯಾಂಡಲ್ ಸರಿ ಮಾಡಿದೆ. ಮುಂದಿನ ಡಿಸ್ಕನ್ನು ಸ್ಪಿರಿಟ್ ಹಾಕಿ, ಬಟ್ಟೆ ಬಿಳಿಯಾಗಿಯೇ ಬರುವವರೆಗೆ ಒರೆಸಿದೆ. ಅಷ್ಟರಲ್ಲಿ "ಹತ್ರಪ್ಪಾ, ಹೊತ್ತಾಯ್ತು" ಎಂದು ಶ್ರೀಧರ್ ಸಾರ್ ಕೂಗಿದರು. ಹತ್ತಿದೆ.

ನನ್ನ ಗಾಡಿಯದು ಒರೆಸಿದೆ. ಡಾಕ್ಟರದು ಒರೆಸಲಿಲ್ಲ. ಇದಕ್ಕಿಂತ ಬಿಡಿಸಿ ಬರೆಯಲು ನನಗೆ ಬರುವುದಿಲ್ಲ. ಮರೆತೆ. ಐದು ದಿನ ಮೆಕ್ಯಾನಿಕ್ ಅನ್ನಿಸಿಕೊಂಡು ಉರಿದವನು, ಸವಾರ ಆದ ಐದನೇ ನಿಮಿಷಕ್ಕೆ ಮೆಕ್ಯಾನಿಕ್ ಆಗಿರುವುದನ್ನು ಮರೆತೆ.

ಬೆಟ್ಟ ಹತ್ತುವಾಗ ತುರಹಳ್ಳಿಯ ನಾಲ್ಕು ತಿಂಗಳು ಕಾಲಿನಲ್ಲಿತ್ತು. ಲೆಕ್ಚರರಿಬ್ಬರನ್ನು ಹಿಂದೆ ಹಾಕಿದೆ. ಮೇಡಂ ಇಳಿದು ತಳ್ಳುತ್ತಿದ್ದರು. ಶ್ರೀಧರ್ ಸಾರ್ ಪಕ್ಕಕ್ಕೆ ಬಂದಾಗ ಏದುಸಿರು ಬಿಡುತ್ತಲೇ, "ಏನಯ್ಯಾ, ಮುಂದೆ ಹೋಗಿ ಪಂಚರ್ ಅಂಗಡಿ ಇಡ್ತೀಯೇನು?" ಎಂದರು.

"ಬನ್ನಿ ಸಾರ್, ನಿಮಗೆ ಗಾಳಿ ಫ್ರೀ" ಎಂದು ಮುಂದೆ ಹೋದೆ.

ತುದಿಯಲ್ಲಿ ನಿಂತು ಕೆಳಗೆ ನೋಡಿದೆ. ಇಡೀ ನದಿ ಕಾಣುತ್ತಿತ್ತು. ನೀರು ಆಗಷ್ಟೇ ಏರಲು ಶುರುವಾಗಿತ್ತು. ಮರಳಿನ ನಡುವೆ ಸಣ್ಣ ಸಣ್ಣ ಕಾಲುವೆಗಳಲ್ಲಿ ಬೆಳ್ಳಗೆ ನುಗ್ಗುತ್ತಿತ್ತು. ದೂರದಲ್ಲಿ ಸೇತುವೆ ಬಾಚಣಿಗೆಯ ಹಾಗೆ. ಐವತ್ತಾರು ವರ್ಷದಲ್ಲಿ ಅಷ್ಟು ಖುಷಿಯಾದ ದಿನ ಬೇರೆ ಇದೆಯೋ ಇಲ್ಲವೋ, ನೆನಪಿಲ್ಲ. ಇಳಿದೆ. ಬಂಡೆಯ ಮೇಲೆ ಚಕ್ರ ಕುಣಿಯುತ್ತಿತ್ತು. ಕಣ್ಣಲ್ಲಿ ನೀರು, ಗಾಳಿಗೋ ಯಾತಕ್ಕೋ. ಬ್ರೇಕ್ ಹಿಡಿದಾಗಲೆಲ್ಲ ಕಚ್ಚಿ ನಿಲ್ಲುತ್ತಿತ್ತು. ಕೈಯಲ್ಲಿ ಒಳ್ಳೆಯ ಬ್ರೇಕ್ ಇದ್ದವನಿಗೆ ಬೇರೆಯವರ ಬ್ರೇಕಿನ ಯೋಚನೆ ಬರುವುದಿಲ್ಲ.

ಇಳಿಜಾರಿನ ಕೊನೆಯಲ್ಲಿ, ತಿರುವಿನ ಆಚೆಗೆ ಒಂದು ಮರದ ಗೇಟು. ಇಳಿದು ತೆಗೆದು, ಗಾಡಿ ದಾಟಿಸಿ, ಹಿಂದೆ ತಿರುಗಿ ನೋಡಿದೆ. ಯಾರೂ ಕಾಣಲಿಲ್ಲ. ಗೇಟಿನ ಹತ್ತಿರವೇ ಕುರಿಗಳಿದ್ದವು. ಹಾಕಿ ಚಿಲಕ ಸೇರಿಸಿದೆ.

ಹತ್ತು ಹೆಜ್ಜೆ ನಡೆದಿರಬೇಕು. "ರುದ್ರಣ್ಣಾ, ಗೇಟ್! ಗೇಟ್!" ಎಂದು ಕೂಗು ಕೇಳಿತು. ತಿರುಗುವಷ್ಟರಲ್ಲಿ ಡಾಕ್ಟರು ತಿರುವಿನಿಂದ ಬಂದಾಗಿತ್ತು. ಎರಡೂ ಕೈ ಬ್ರೇಕಿನ ಮೇಲಿದ್ದದ್ದು ನನಗೆ ಕಂಡಿತು. ಹಿಂದಿನ ಚಕ್ರ ಲಾಕ್ ಆಗಿ ಜಾರುತ್ತಿತ್ತು, ಮುಂದಿನದು ಸುತ್ತುತ್ತಲೇ ಇತ್ತು. ಗಾಡಿ ಗೇಟಿಗೆ ಹೊಡೆಯಿತು. ಅವರು ಗೇಟಿನ ಮೇಲಿಂದ ಬಂದು ನನ್ನ ಮುಂದೆ, ಎಡ ಹೆಗಲು ನೆಲಕ್ಕೆ ಬಡಿಯುವ ಹಾಗೆ ಬಿದ್ದರು.

ಎತ್ತಿ ಕೂರಿಸಿದೆ. ಎಡಗಡೆಯ ಹೆಗಲ ಮೂಳೆ ಚರ್ಮದ ಕೆಳಗೆ ಎದ್ದು ನಿಂತಿತ್ತು. ಹಲ್ಲು ಕಚ್ಚಿಕೊಂಡು, "ಬೆಳಿಗ್ಗೆಯಿಂದ ಫ್ರಂಟ್ ಬ್ರೇಕ್ ಜಾರ್ತಾ ಇತ್ತು ರುದ್ರಣ್ಣ, ಒದ್ದೆಯಾಗಿದೆ ಅಂದ್ಕೊಂಡೆ" ಎಂದರು. ನಾನು ಅವರ ಚಕ್ರ ನೋಡಿದೆ. ಡಿಸ್ಕಿನ ತೂತುಗಳಲ್ಲಿ ಇನ್ನೂ ಕೆಂಪು ಇತ್ತು.

ಸೇತುವೆ

ಗ್ಯಾರೆತ್ ವ್ಯಾನು ತಂದು ಡಾಕ್ಟರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ. ವ್ಯಾನಿನಲ್ಲಿದ್ದ ಗೋಪಿನಾಥ್ ಜೊತೆಗಿದ್ದರು. ನಾನೂ ಬರುತ್ತೇನೆ ಎಂದೆ. "ಗಾಡಿಗಳನ್ನ ಯಾರು ವಾಪಸ್ ಕೊಡ್ತಾರೆ?" ಎಂದರು ಶ್ರೀಧರ್ ಸಾರ್. ಮೇಡಂ, ಲೆಕ್ಚರರಿಬ್ಬರು ಸೈಕಲ್ ತುಳಿದುಕೊಂಡು ಮುಂದೆ ಹೋದರು. ನಾನು ಒಂದು ಕೈಯಲ್ಲಿ ನನ್ನದು, ಇನ್ನೊಂದು ಕೈಯಲ್ಲಿ ಡಾಕ್ಟರದು ತಳ್ಳಿಕೊಂಡು ನಡೆದೆ. ಶ್ರೀಧರ್ ಸಾರ್ ಪಕ್ಕದಲ್ಲಿ ತಮ್ಮದನ್ನು ತಳ್ಳುತ್ತಿದ್ದರು. ಹೀಗೆ ನಾನು ಆ ಸೇತುವೆ ದಾಟಿದೆ. ಹಲಗೆಯ ಸಂದಿಯಲ್ಲಿ ಕೆಳಗೆ ನೀರು ಓಡುತ್ತಿತ್ತು. ಏರುತ್ತಿತ್ತೋ ಇಳಿಯುತ್ತಿತ್ತೋ ನೋಡಲಿಲ್ಲ.

ಅರ್ಧ ದಾರಿಯಲ್ಲಿ ಅವರು ಬಾಯಿ ಬಿಟ್ಟರು. "ನೋಡಪ್ಪಾ ರುದ್ರಪ್ಪ. ಆ ಯಮ್ಮ ಕೇಳಿದ್ರೆ ಪೂಜೆ ಗೀಜೆ ಅನ್ಬೇಡ. ನಗ್ತಾರೆ ಇವ್ರು. ಸರ್ವಿಸ್ ಮಾಡುವಾಗ ಎಣ್ಣೆ ಜಾಸ್ತಿ ಆಯ್ತು ಅಂದ್ರೆ ಮುಗೀತು."

"ಸರ್ವಿಸ್ ಯಾರು ಮಾಡಿದ್ದು ಸಾರ್?"

"ನೀನೇ ತಾನೆ ನಮ್ ಮೆಕ್ಯಾನಿಕ್ಕು?"

"ರಸ್ತೇಲಿ ಕುಂಬಳಕಾಯಿ ಒಡಿಯುವಾಗ ಇರಲಿಲ್ವಲ್ಲ ಸಾರ್ ಈ ನಾಚಿಕೆ."

"ಮಾತು ಜಾಸ್ತಿ ಆಯ್ತು ನಿಂದು" ಎಂದು ಅವರು ಮುಂದೆ ನಡೆದರು.

ಅಂಗಡಿಯಲ್ಲಿ ಮೇಗನ್ ಡಾಕ್ಟರ ಸೈಕಲ್ಲನ್ನು ಸ್ಟ್ಯಾಂಡಿಗೆ ಹಾಕಿದಳು. ಬ್ರೇಕ್ ಪ್ಯಾಡ್ ಬಿಚ್ಚಿ ಬೆರಳಿನಿಂದ ಉಜ್ಜಿದಳು, ಮೂಸಿದಳು. ಬೆರಳು ಕೆಂಪಾಗಿತ್ತು. ಇದೇನು ಎಂದು ಕೇಳಿದಳು.

ಶ್ರೀಧರ್ ಸಾರ್ ನಗುತ್ತ ಇಂಗ್ಲಿಷಿನಲ್ಲಿ ಹೇಳಿದರು, ನಮ್ಮ ಮೆಕ್ಯಾನಿಕ್ಕಿನ ಕೆಲಸ, ಏನು ಮಾಡುವುದು, ಇಂಡಿಯಾದಲ್ಲಿ ಎಲ್ಲದಕ್ಕೂ ಎಣ್ಣೆ ಹಾಕುತ್ತಾರೆ ಅಂತ.

ನನಗೆ ಅರ್ಥವಾಗುವುದಿಲ್ಲ ಅಂದುಕೊಂಡಿದ್ದರೋ, ಅರ್ಥವಾದರೂ ಸುಮ್ಮನಿರುತ್ತೇನೆ ಅಂದುಕೊಂಡಿದ್ದರೋ. ಒಬ್ಬನ ತಪ್ಪಾದರೆ ಆಗಲಿ, ನಮ್ಮ ಇಡೀ ಕಸುಬಿನವರನ್ನೇ ಎತ್ತಿ ಆ ಹೆಂಗಸಿನ ಮುಂದೆ ಎಸೆದಿದ್ದರು. ನನ್ನ ಬಳಿ ಇದ್ದಷ್ಟು ಇಂಗ್ಲಿಷನ್ನು ಒಟ್ಟು ಮಾಡಿಕೊಂಡೆ. ಇದು ದೇವರ ಪೂಜೆಯ ಕುಂಕುಮ, ಕೊಬ್ಬರಿ ಎಣ್ಣೆಯಲ್ಲಿ ಕಲಸಿದ್ದು, ಎಂದೆ. ಇವರು ಹಚ್ಚಿದರು, ಎಂದೆ. ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಿದ್ದರೆ ಇವತ್ತು ನೆಟ್ಟಗೆ ನಿದ್ದೆ ಬರುತ್ತಿತ್ತೋ ಏನೋ. ಆದರೆ ನಿಲ್ಲಿಸುವುದಕ್ಕಾಗಲಿಲ್ಲ. ನಾನು ನೋಡಿದೆ. ನನಗೆ ಗೊತ್ತಿತ್ತು. ನಾನು ಒರೆಸಲಿಲ್ಲ.

ಮೇಗನ್ ನಗಲಿಲ್ಲ. ಅವರ ಕಡೆ ನೋಡಲೂ ಇಲ್ಲ. ಬೆರಳನ್ನು ಬಟ್ಟೆಯಲ್ಲಿ ಒರೆಸಿಕೊಂಡು, ನನ್ನ ಕಣ್ಣಲ್ಲಿ ಕಣ್ಣಿಟ್ಟು, "ಹಾಗಾದರೆ ನೀನು ಒರೆಸಬೇಕಿತ್ತು" ಎಂದಳು. ಸಿಟ್ಟಿಲ್ಲ, ಸಮಾಧಾನವೂ ಇಲ್ಲ. ಒಬ್ಬ ಕೆಲಸಗಾರ ಇನ್ನೊಬ್ಬ ಕೆಲಸಗಾರನಿಗೆ ಹೇಳುವ ಹಾಗೆ. ಆ ಒಂದು ವಾರದಲ್ಲಿ ನನ್ನ ಕಸುಬನ್ನು ಗೌರವಿಸಿ ಯಾರಾದರೂ ಮಾತಾಡಿದ್ದರೆ ಅದು ಅದೊಂದೇ ಮಾತು.

ಶಂಕರಪುರಂ

ಡಾಕ್ಟರಿಗೆ ಅಲ್ಲಿಯೇ ಹೆಗಲು ಕಟ್ಟಿ ಕಳಿಸಿದರು. ವಾಪಸು ಬರುವಾಗ ವಿಮಾನದಲ್ಲಿ ಅವರ ಸೀಟಿನ ಹತ್ತಿರ ಹೋಗಿ, "ಡಾಕ್ಟ್ರೇ, ನಿಮ್ ಗಾಡಿದು ಒರೆಸೋದು ಮರ್ತೆ. ತಪ್ಪು ನಂದು" ಎಂದೆ. "ಬಿಡಿ ರುದ್ರಣ್ಣ, ಆಯ್ತಲ್ಲ" ಎಂದರು. ಒಳ್ಳೆಯವರು. ಬೈದಿದ್ದರೆ ಇನ್ನೂ ಒಳ್ಳೆಯದಿತ್ತು.

ಊರಿಗೆ ಬರುವ ಹೊತ್ತಿಗೆ ಕತೆ ನನಗಿಂತ ಮೊದಲೇ ಬಂದು ಕೂತಿತ್ತು. ಅದರಲ್ಲಿ ಕುಂಕುಮವೂ ಇರಲಿಲ್ಲ, ಪೂಜೆಯೂ ಇರಲಿಲ್ಲ. ಕಾಫಿಗೆ ಹೋದರೆ ಹೋಟೆಲಿನಲ್ಲಿ ಒಬ್ಬ, "ಏನ್ ಗುರು, ಫಾರಿನ್ನಲ್ಲಿ ಬ್ರೇಕಿಗೆ ಎಣ್ಣೆ ಬಿಟ್ಯಂತೆ? ನನ್ ಗಾಡಿಗೂ ಒಂದ್ ಚೂರು ಬಿಡು, ಕೀರಲ್ತಾ ಇದೆ" ಎಂದ. ಸುತ್ತ ಇದ್ದವರು ನಕ್ಕರು. ನಾನು ಕಾಫಿ ಮುಗಿಸಿಯೇ ಎದ್ದೆ. ಏನಾಯಿತು ಎಂದು ಮೊದಲಿಂದ ಹೇಳಲು ಹೋದರೆ, ಅರ್ಧಕ್ಕೇ "ಓಹೋ, ಅಂದ್ರೆ ಶ್ರೀಧರ್ ಸಾರ್ ಮೇಲೆ ಹಾಕ್ತಿದೀಯಾ" ಅನ್ನುತ್ತಾರೆ. ಅವರ ಪಾಲೆಷ್ಟು, ನನ್ನ ಪಾಲೆಷ್ಟು ಎಂಬುದು ಬಾಯಲ್ಲಿ ಹೇಳಿದರೆ ಯಾರ ತಲೆಯಲ್ಲೂ ನಿಲ್ಲುವುದಿಲ್ಲ. ಅದಕ್ಕೇ ಕೂತು ಬರೆದೆ.

ಶ್ರೀಧರ್ ಸಾರ್ ಈಗಲೂ ಅಂಗಡಿಗೆ ಬರುತ್ತಾರೆ. ಏನೂ ಆಗಿಲ್ಲದ ಹಾಗೆ, "ಗೇರ್ ಸ್ವಲ್ಪ ನೋಡಯ್ಯಾ" ಎಂದು ಸೈಕಲ್ ಒರಗಿಸುತ್ತಾರೆ. ನೋಡಿ ಕೊಡುತ್ತೇನೆ. ಅವರ ಗಾಡಿಗೆ ಅವರ ಮೇಲಿನ ಸಿಟ್ಟು ತೋರಿಸುವವನು ನಾನಲ್ಲ. ಅವರು ಬರುವುದರಿಂದ ನನಗೆ ಯಾವ ಸಮಾಧಾನವೂ ಇಲ್ಲ.

ಅಶ್ವಿನ್ ಡಾಕ್ಟರು ಮೂರು ತಿಂಗಳಿಗೆ ಮತ್ತೆ ಸೈಕಲ್ ಹತ್ತಿದರು. ಹೊಸದು ತಗೊಂಡಿದ್ದಾರೆ ಎಂದು ಕೇಳಿದೆ. ನನ್ನ ಹತ್ತಿರ ತರಲಿಲ್ಲ. ಮೊದಲೆಲ್ಲ ಗಾಳಿ ಹಾಕಿಸಲೂ ಇಲ್ಲಿಗೇ ಬರುತ್ತಿದ್ದವರು.

ಹೋದ ವಾರ ಬೆಳಿಗ್ಗೆ ಅಂಗಡಿಯ ಬಾಗಿಲಲ್ಲಿ ಕೂತು ಒಂದು ಚಕ್ರದ ಹಬ್ಬು ಬಿಚ್ಚುತ್ತಿದ್ದೆ. ರಸ್ತೆಯಲ್ಲಿ ಡಿಸ್ಕ್ ಬ್ರೇಕ್ ಕಿರ್ರೆಂದಿತು. ತಲೆ ಎತ್ತಿದರೆ ಡಾಕ್ಟರು, ಆಟೋ ಅಡ್ಡ ಬಂದದ್ದಕ್ಕೆ ನಿಧಾನ ಮಾಡಿದ್ದರು. ಕೇಳಿದ ಕೂಡಲೇ ಗೊತ್ತಾಯಿತು, ಡಿಸ್ಕನ್ನು ಹಿಡಿಯುವ ಕ್ಯಾಲಿಪರನ್ನು ಯಾರೋ ನೆಟ್ಟಗೆ ಕೂರಿಸಿಲ್ಲ. ಎರಡು ಬೋಲ್ಟು ಸಡಿಲಿಸಿ, ಬ್ರೇಕ್ ಹಿಡಿದು, ಮತ್ತೆ ಬಿಗಿ ಮಾಡಿದರೆ ಮುಗಿಯಿತು. ಎರಡು ನಿಮಿಷದ ಕೆಲಸ. ಸ್ಪ್ಯಾನರು ಕೈಯಲ್ಲೇ ಇತ್ತು.

"ಡಾಕ್ಟ್ರೇ! ಬ್ರೇಕು!" ಎಂದು ಕೂಗಿದೆ.

ಅವರು ತಿರುಗಿ ನೋಡಿ ನಕ್ಕರು. ಕೈ ಎತ್ತಿ, "ತೋರಿಸ್ತೀನಿ ರುದ್ರಣ್ಣ" ಎಂದು ಹೇಳಿ ಮುಂದೆ ಹೋದರು. ಯಾರಿಗೆ ಎಂದು ಹೇಳಲಿಲ್ಲ.